ಸಹಾಯ ಬೇಕು: ತೋಳದ ಪ್ರೇಮಕಥೆ ಬರೆದು ಮುಗಿಸಿದೆ, ಪ್ರಕಟಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೂರು ವರ್ಷ ಜೀವ ತಿಂದ ಕಾದಂಬರಿ ಕೊನೆಗೂ ಮುಗೀತು. ಇಂಗ್ಲಿಷಲ್ಲಿದೆ, ಸುಮಾರು 80,000 ಪದ. ಸಿಟ್ಟು ಬಂದಾಗ ತೋಳವಾಗುವ ಒಬ್ಬ ಬಡಗಿ, ಅವನ ಗಾಯಕ್ಕೆ ಹೊಲಿಗೆ ಹಾಕುವ ಪಶುವೈದ್ಯ. ಇಬ್ಬರೂ ಗಂಡಸರು. ಕೊನೆಗೆ ಯಾರೂ ಸಾಯಲ್ಲ, ಅದು ನನ್ನ ಹಟ.

ನಾನೇ ಪ್ರಕಟಿಸ್ತಿದ್ದೀನಿ. ಲೇಖಕರು ತಾವೇ ಪುಸ್ತಕ ಪ್ರಕಟಿಸುವ ಅಮೆಜಾನಿನ ವೇದಿಕೆ ಕೆಡಿಪಿ; ಅದರ 'ಸೆಲೆಕ್ಟ್' ಯೋಜನೆಗೆ ಸೇರಿದರೆ ಇ-ಪುಸ್ತಕವನ್ನು 90 ದಿನ ಬೇರೆಲ್ಲೂ ಮಾರುವಂತಿಲ್ಲ. ಕಿಂಡಲ್ ಅನ್‌ಲಿಮಿಟೆಡ್ (ಅಮೆಜಾನಿನ ಇ-ಪುಸ್ತಕ ಚಂದಾ ಸೇವೆ) ಓದುಗರು ಸಿಗ್ತಾರೆ, ಓದಿದ ಪುಟದ ಲೆಕ್ಕದಲ್ಲಿ ದುಡ್ಡು. ಆದರೆ ಬೇರೆ ಇ-ಪುಸ್ತಕ ಅಂಗಡಿಗಳ ದಾರಿ ಅಷ್ಟು ದಿನ ಮುಚ್ಚಿಹೋಗುತ್ತೆ. ಮನೆಯವರ ಕಣ್ಣಿಗೆ ಬೀಳದೆ ಇಂಥ ಕಥೆ ಓದುವವರು ಅಲ್ಲೇ ಹುಡುಕ್ತಾರೇನೋ ಅಂತ ನನಗೆ ಅನುಮಾನ. ಮೊದಲ ಪುಸ್ತಕಕ್ಕೆ ಯಾವುದು ವಾಸಿ, ಸೆಲೆಕ್ಟ್ ಸೇರೋದೋ, ಎಲ್ಲ ಕಡೆ ಮಾರೋದೋ?

ಮುಖಪುಟದ್ದು ದೊಡ್ಡ ರಾಮಾಯಣ. ಚಿತ್ರ ಬರೆದವರು ತೋಳದ ಪಕ್ಕ ಒಂದು ಹುಡುಗೀನ ನಿಲ್ಲಿಸಿ ಕಳಿಸಿದ್ರು! "ಕಥೇಲಿ ಹುಡುಗೀನೇ ಇಲ್ವಲ್ಲ" ಅಂದೆ. "ಇದ್ರೆ ಮಾರಾಟ ಆಗುತ್ತೆ" ಅಂದ್ರು. ಮುಂಗಡ ಹೋಯ್ತು. ಈಗ ಮರದ ಹಲಗೆ ಮೇಲೆ ಉಳಿ, ಪಕ್ಕದಲ್ಲಿ ಪಂಜದ ಗುರುತು, ಅಷ್ಟೇ ಸಾಕು ಅನ್ನಿಸ್ತಿದೆ. ಆದರೆ ಅದು ಪ್ರೇಮಕಥೆ ಅಂತ ಗೊತ್ತಾಗುತ್ತಾ? ಬಡಗಿ ಕೆಲಸದ ಕೈಪಿಡಿ ಅಂದುಕೊಂಡು ಯಾರಾದ್ರೂ ಕೊಂಡರೆ ಕಷ್ಟ.

ಹುಡುಕುವವರಿಗೆ ಪುಸ್ತಕ ಸಿಗಲಿ ಅಂತ ಕೆಡಿಪಿ ಕೊಡುವ ಏಳು ಕೀವರ್ಡ್ ಜಾಗಗಳಲ್ಲಿ ಏನು ತುಂಬಿಸಿದ್ರಿ ಅಂತ ಅನುಭವಸ್ಥರು ಹೇಳಿ. ಪ್ರಕಟಣೆಗೆ ಮುಂಚೆ ಓದಿ, ಮುಲಾಜಿಲ್ಲದೆ ಬೈಯುವ ಇಬ್ಬರು ಬೇಕು. ಹನ್ನೊಂದನೇ ಅಧ್ಯಾಯದಲ್ಲಿ ಅವನು ರೂಪ ಬದಲಿಸುವಾಗ ಅಂಗಿ ಎಲ್ಲಿ ಹೋಯ್ತು ಅಂತ ನನಗೇ ಗೊತ್ತಾಗ್ತಿಲ್ಲ.