ಮಲ್ಲ್ಯಾನ ಚೈನೀಸ್ ಬಾಕಿ

"ಚೈನೀಸ್ ಕಲಿಯೋಕೆ ಮೂರು ಆಪ್ ನೋಡಿದೆ. ಡಿಕ್ಷನರಿ ಆಪ್ ಪ್ಲೆಕೊ ಫ್ರೀ ಇದೆ, ಆದರೆ ಪದ ನೆನಪಿಡೋ ಕಾರ್ಡ್ ಬೇಕಂದ್ರೆ ದುಡ್ಡು. ಕಾರ್ಡಿಗೇ ಅಂತ ಇರೋ ಆಂಕಿ ಫ್ರೀ ಇದೆ, ಐಫೋನಿಗೆ ಮಾತ್ರ ದುಡ್ಡು. ಅಕ್ಷರ ಬರೆಯೋದು ಕಲಿಸೋ ಸ್ಕ್ರಿಟರ್‌ಗೆ ತಿಂಗಳು ತಿಂಗಳೂ ದುಡ್ಡು. ಏನು ಮಾಡಲಿ ಹೇಳ್ರಿ?" ಅಂತ ಮಲ್ಲ್ಯಾ ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿದ.

"ಚಹಾ ಹೇಳು," ಅಂದರು ಮಾಸ್ತರು. "ಅದಕ್ಕೂ ದುಡ್ಡೇ. ಆದರೆ ಎರಡು ನಿಮಿಷಕ್ಕೆ ಬರುತ್ತೆ, ಕುಡಿದರೆ ಮುಗಿಯುತ್ತೆ."

ಮಧ್ಯಾಹ್ನದ ಗಂಜ್. ಕಲಬುರಗಿ ಬಿಸಿಲಿಗೆ ಹಮಾಲರೂ ಚೀಲ ಬಿಟ್ಟು ನೆರಳು ಹಿಡಿದಿದ್ದರು. ಹೋಟೆಲಿನ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು.

"ನಿನ್ನದು ಐಫೋನಾ?" ಅಂತ ಖಾಜಾ ಭಾಯ್ ಕೇಳಿದರು.

"ಅಲ್ಲ ಭಾಯ್."

"ಮತ್ತೆ ಆ ಚಿಂತೆ ಯಾಕೆ?"

"ಮುಂದೆ ತಗೊಂಡ್ರೆ?"

ಶರಣ್ಯಾ ಕುರ್ಚಿ ಮುಂದಕ್ಕೆ ಎಳೆದ. ಬೆಂಗಳೂರಿಗೆ ಹೋಗಿ ಬಂದವನು. ಯಾರು ಏನು ಕೇಳಿದರೂ ಮೊದಲು ಹೋಲಿಕೆ ಪಟ್ಟಿ ಮಾಡುವವನು. "ಅಣ್ಣಾ, ಡಿಕ್ಷನರಿಗೆ ಪ್ಲೆಕೊ ಬಿಟ್ಟು ಬೇರೆ ನೋಡಲೇಬೇಡ. ಸ್ಮಾರ್ಟ್‌ಫೋನ್ ಬರೋ ಮೊದಲು ಪಾಮ್ ಅಂತ ಒಂದು ಅಂಗೈ ಕಂಪ್ಯೂಟರ್ ಬರ್ತಿತ್ತಲ್ಲ, ಆಗಿನಿಂದ ಇದೆ. ಬೆರಳಲ್ಲಿ ಅಕ್ಷರ ಗೀಚಿದರೆ ಹುಡುಕಿ ಕೊಡುತ್ತೆ. ಫ್ರೀ ಪದಕೋಶ ಬೇಕಂದ್ರೆ ಸಿಸಿ-ಸಿಇಡಿಕ್ಟ್ ಅಂತ ಇದೆ. 1997ರಲ್ಲಿ ಒಬ್ಬ ಶುರು ಮಾಡಿದ್ದು. ಆಮೇಲೆ ಆಸಕ್ತಿ ಇದ್ದವರೆಲ್ಲ ಸೇರಿ ಲಕ್ಷ ಪದ ದಾಟಿಸಿದರು. ಯಾರೂ ಪಗಾರ ತಗೊಂಡಿಲ್ಲ."

"ಚಲೋ ಆಯ್ತು," ಅಂದರು ಮಾಸ್ತರು. "ಅದನ್ನು ಹಾಕ್ಕೊ. ಕಲಿಯೋದು ಶುರು ಮಾಡು."

"ಹಾಗೆ ಒಮ್ಮೆಲೇ ಶುರು ಮಾಡೋಕಾಗಲ್ಲ ಮಾಸ್ತರ್ರೆ. ಮೊದಲು ಸೆಟಪ್ ಸರಿ ಆಗಬೇಕು."

"ಸೆಟಪ್ ಶುರು ಮಾಡಿ ಎಷ್ಟು ದಿನ ಆಯ್ತು?"

ಮಲ್ಲ್ಯಾ ಬಶಿಗೆ ಚಹಾ ಸುರಿದುಕೊಂಡ. "ಅದೇ, ದೀಪಾವಳಿ ಮುಗಿದ ಮೇಲೆ."

ಈಗ ಬೇಸಿಗೆ. ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾದರು.

"ಕಾರ್ಡ್ ಹಾಕಿಕೊಂಡಿದ್ದೆ ರೀ," ಅಂದ ಮಲ್ಲ್ಯಾ. "ಆಂಕಿಯಲ್ಲಿ ರೆಡಿ ಕಾರ್ಡಿನ ಕಟ್ಟು ಸಿಗುತ್ತೆ. ಐದು ಸಾವಿರ ಪದದ್ದು ಇಳಿಸಿಕೊಂಡೆ. ಹುರುಪಿನಲ್ಲಿ ದಿನಕ್ಕೆ ನೂರು ಹೊಸದು ಅಂತ ಇಟ್ಟೆ. ಅಷ್ಟರಲ್ಲಿ ಮದುವೆ ಸೀಸನ್ ಬಂತು. ಈಗ ತೆರೆದರೆ ಸಾಕು, ಸಾವಿರ ಚಿಲ್ಲರೆ ಬಾಕಿ ಅಂತ ತೋರಿಸುತ್ತೆ. ಭಯಕ್ಕೆ ತೆರೆಯೋದೇ ಬಿಟ್ಟಿದ್ದೀನಿ."

"ಇದು ಉದ್ರಿ ಖಾತೆ ಅಲ್ವಾ!" ಮಾಸ್ತರಿಗೆ ಖುಷಿಯೋ ಖುಷಿ. "ಅಂಗಡಿ ಮುಂದೆ ಹಾಯೋಕೆ ಅಂಜಿ ಹಿಂದಿನ ಓಣಿಯಿಂದ ಹೋಗೋದು. ಇದರಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು?"

"ಬಡ್ಡಿ ಇದ್ದರೆ ನನಗೆ ಆ ಆಪ್ ಹರಾಮ್," ಅಂದರು ಖಾಜಾ ಭಾಯ್.

ಶರಣ್ಯಾನಿಗೆ ನಗು ಬರಲಿಲ್ಲ. "ಅದು ಸೈನ್ಸ್ ಭಾಯ್. ಜರ್ಮನಿಯಲ್ಲಿ ಎಬ್ಬಿಂಗ್‌ಹೌಸ್ ಅಂತ ಒಬ್ಬರಿದ್ದರು. ಅರ್ಥವೇ ಇಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು, 1885ರಲ್ಲಿ ಪುಸ್ತಕ ಬರೆದರು. ಮರೆಯೋ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ನೋಡಿದರೆ ಗಟ್ಟಿ ಆಗುತ್ತೆ. ಆಂಕಿ ಮಾಡೋದು ಅದನ್ನೇ. ನೆನಪಿರೋ ಕಾರ್ಡು ವಾರ ಬಿಟ್ಟು, ತಿಂಗಳು ಬಿಟ್ಟು ಬರುತ್ತೆ. ಮರೆತ ಕಾರ್ಡು ತಿರುಗಿ ತಿರುಗಿ ಬರುತ್ತೆ."

"ಅಂದ್ರೆ ಕೊಟ್ಟವನ ಮನೆಗೆ ವರ್ಷಕ್ಕೊಮ್ಮೆ, ಕೊಡದವನ ಮನೆಗೆ ದಿನಾ. ನಮ್ಮೂರ ಸೊಸೈಟಿ ಸೆಕ್ರೆಟರಿಗೆ ಇದು ಯಾವ ಜರ್ಮನಿಯವನೂ ಹೇಳಿಕೊಟ್ಟಿರಲಿಲ್ಲ." ಮಾಸ್ತರು ಮಲ್ಲ್ಯಾನ ಕಡೆ ತಿರುಗಿದರು. "ಈಗ ಬಾಕಿಗೆ ಏನು ದಾರಿ?"

"ನಿನ್ನೆ ಆಪ್ ತೆಗೆದು ಹೊಸದಾಗಿ ಹಾಕಿದೆ. ಎಲ್ಲ ಸೊನ್ನೆ ಆಯ್ತು."

"ಶಭಾಷ್! ಚುನಾವಣೆ ಇಲ್ಲದೆ ಸಾಲ ಮನ್ನಾ ಮಾಡಿದ ಸರ್ಕಾರ ನಿನ್ನದೊಂದೇ."

ಪಕ್ಕದ ಟೇಬಲಿನ ಅಡತಿಯವನೂ ನಕ್ಕ. ಮಲ್ಲ್ಯಾ ಮುಖ ಸಣ್ಣದು ಮಾಡಿದ. "ನಿಮಗೆ ನಗು. ನನ್ನ ಮಿಲ್ಲಿನ ಕಷ್ಟ ನನಗೇ ಗೊತ್ತು."

ಕಷ್ಟ ಇದ್ದದ್ದು ಖರೆ. ಮಲ್ಲ್ಯಾನ ಬೇಳೆ ಮಿಲ್ಲಿಗೆ ಚೀನಾದಿಂದ ಕಲರ್ ಸಾರ್ಟರ್ ಬಂದಿದೆ. ಕಾಳು ಬೀಳುವಾಗಲೇ ಕ್ಯಾಮೆರಾ ಅದರ ಬಣ್ಣ ನೋಡುತ್ತೆ. ಕರಿ ಕಾಳು ಕಂಡರೆ ಫಟ್ ಅಂತ ಗಾಳಿ ಊದಿ ಆಚೆ ತಳ್ಳುತ್ತೆ. ಹತ್ತು ಹೆಂಗಸರು ಮೊರ ಹಿಡಿದು ದಿನವಿಡೀ ಆರಿಸುತ್ತಿದ್ದ ಕೆಲಸ. ಅವರೆಲ್ಲ ಈಗ ಎಲ್ಲಿದ್ದಾರೋ, ಅದು ಬೇರೆ ಮಾತು. ಒಂದು ದಿನ ಯಾರೋ ಏನೋ ಒತ್ತಿ ಮಷೀನಿನ ಸ್ಕ್ರೀನೆಲ್ಲ ಚೈನೀಸ್ ಆಯಿತು. ಹೈದರಾಬಾದಿನ ಇಂಜಿನಿಯರ್ ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂದ. ಮಲ್ಲ್ಯಾ ಹಟ ತೊಟ್ಟ: ಚೈನೀಸೇ ಕಲಿತರಾಯ್ತು.

"ಸ್ಕ್ರೀನ್ ಮೇಲೆ ಎಷ್ಟು ಪದ ಇರಬಹುದು?" ಅಂತ ಮಾಸ್ತರು ಕೇಳಿದರು.

"ಇಪ್ಪತ್ತೋ ಮೂವತ್ತೋ."

"ನೀನು ತಂದಿದ್ದು?"

"ಐದು ಸಾವಿರ. ಎಚ್‌ಎಸ್‌ಕೆ ಅಂತ ಅವರ ಪರೀಕ್ಷೆ ಇದೆಯಲ್ಲ, ಅದರ ಆರನೇ ಮೆಟ್ಟಿಲಿನ ತನಕ."

"ಅಣ್ಣಾ, ಅದು ಹಳೇ ಪಟ್ಟಿ," ಅಂದ ಶರಣ್ಯಾ. "2021ರಲ್ಲಿ ಹೊಸದು ಬಂತು. ಒಂಬತ್ತು ಮೆಟ್ಟಿಲು, 11,092 ಪದ."

"ಹೌದಾ!" ಮಲ್ಲ್ಯಾ ಬೋರಲು ಹಾಕಿದ್ದ ಫೋನನ್ನು ಗಬಕ್ಕನೆ ಎತ್ತಿಕೊಂಡ. "ನಾನು ಹಳೇದು ಇಟ್ಕೊಂಡು ಕೂತಿದ್ದೀನಿ ನೋಡು."

ಮಾಸ್ತರು ಅವನ ಕೈ ಹಿಡಿದರು. "ತಡಿಯೋ ತಮ್ಮಾ. ಉದ್ರಿ ತೀರಿಸದವನು ದೊಡ್ಡ ಅಂಗಡಿಗೆ ಹೋಗಿ ಹೊಸ ಖಾತೆ ತೆಗೀತಾನಾ? ಆ ಪ್ಲೆಕೊದಲ್ಲಿ ಕ್ಯಾಮೆರಾ ಹಿಡಿದರೆ ಅರ್ಥ ಹೇಳುತ್ತೆ ಅಂದಿದ್ದೆಯಲ್ಲ?"

"ಹೇಳುತ್ತೆ. ಅದಕ್ಕೆ ಒಂದು ಸಲ ದುಡ್ಡು ಕಟ್ಟಬೇಕು."

"ಕಟ್ಟು."

"ಎಲ್ಲಾ ಕ್ಯಾಮೆರಾನೇ ಹೇಳಿದರೆ ನಾನು ಕಲಿಯೋದು ಯಾವಾಗ ರೀ?"

"ಈಗ ಏನು ಕಲಿತಿದ್ದೀಯ, ಒಂದು ಅಕ್ಷರ ಬರಿ ನೋಡೋಣ."

ಮಲ್ಲ್ಯಾ ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ ಒಂದು ಅಡ್ಡ ಗೆರೆ ಎಳೆದ. "ಇದು ಒಂದು."

"ಎರಡು?"

ಎರಡು ಗೆರೆ ಎಳೆದ. ಮೂರಕ್ಕೆ ಮೂರು. ನಾಲ್ಕು ಅನ್ನೋ ಹೊತ್ತಿಗೆ ಟೇಬಲ್ ಒರೆಸುವ ಹುಡುಗ ಬಂದು ಬಟ್ಟೆ ಎಳೆದ. ಮಲ್ಲ್ಯಾ ಅವನಿಗೆ ಥ್ಯಾಂಕ್ಸ್ ಹೇಳಿದ್ದನ್ನು ಈ ಹೋಟೆಲು ಅವತ್ತೇ ಮೊದಲು ಕೇಳಿದ್ದು.

"ಮೊದಲಿನವರ ಕಷ್ಟ ಕೇಳು," ಅಂದರು ಮಾಸ್ತರು. "ಕಾಂಗ್‌ಶಿ ಅನ್ನೋ ಬಾದಶಹ ಮಾಡಿಸಿದ ಒಂದು ಕೋಶ ಇದೆ. 1716ರಲ್ಲಿ ಮುಗಿದದ್ದು. ನಲವತ್ತೇಳು ಸಾವಿರ ಅಕ್ಷರ. ಅವರಿಗೆ ನಮ್ಮ ಹಾಗೆ ಅ ಆ ಇ ಈ ಅಂತ ಸಾಲು ಇಲ್ಲ. ಅಕ್ಷರದ ಮೂಲ ಭಾಗ ಯಾವುದು ಅಂತ 214ರಲ್ಲಿ ಗುರುತಿಸಬೇಕು. ಆಮೇಲೆ ಉಳಿದ ಗೆರೆ ಎಣಿಸಿ, ಅಷ್ಟು ಗೆರೆಯವರ ಗುಂಪಿನಲ್ಲಿ ಹುಡುಕಬೇಕು. ಒಂದು ಅಕ್ಷರ ಸಿಗೋ ಹೊತ್ತಿಗೆ ಅದು ಕಣ್ಣಲ್ಲಿ ಕೂತಿರುತ್ತಿತ್ತು. ನಿನಗೆ ಅರೆಗಳಿಗೆಯಲ್ಲಿ ಸಿಗುತ್ತೆ. ಅಷ್ಟೇ ಬೇಗ ಹೋಗುತ್ತೆ."

"ಹಳೇ ಕಾಲದ ಕಷ್ಟ ಎಲ್ಲಾ ಚಲೋ ಅಂತೀರೇನು?" ಶರಣ್ಯಾ ಸಿಡುಕಿದ.

"ಅನ್ನಲ್ಲಪ್ಪ. ಕಷ್ಟ ಬೇಡ ಅಂತ ಆಪ್ ತಂದ, ಈಗ ಯಾವ ಆಪ್ ಅಂತ ಕಷ್ಟ ಪಡ್ತಾ ಇದ್ದಾನೆ. ಅದಕ್ಕೆ ಹೇಳಿದೆ."

ಅಷ್ಟರಲ್ಲಿ ಮಲ್ಲ್ಯಾನ ಫೋನು ಬಡಿದುಕೊಂಡಿತು. ಮಿಲ್ಲಿನಿಂದ ಭೀಮ್ಯಾ. ಮಲ್ಲ್ಯಾ ಸ್ಪೀಕರ್ ಹಾಕಿದ.

"ಸಾವ್ಕಾರ್ರೆ, ಇಂಜಿನಿಯರ್ ಬಂದು ಹೋದ್ರು. ಸ್ಕ್ರೀನ್ ಇಂಗ್ಲಿಷ್ ಮಾಡಿಟ್ಟು ಹೋಗಿದ್ದಾರೆ."

"ಅಬ್ಬಾ! ಚಲೋ ಆಯ್ತಲ್ಲೋ!"

"ಏನ್ ಚಲೋ ರೀ! ಮಷೀನ್ ಬಂದ್ ಬಿದ್ದಿದೆ. ನನಗೆ ಏನೂ ತಿಳೀತಿಲ್ಲ. ಚೈನೀಸ್ ಇದ್ದಾಗ ಎರಡು ಅಡ್ಡ ಗೆರೆ, ಎರಡು ಕಾಲಿನದು ಒತ್ತಿದರೆ ಚಾಲೂ ಆಗ್ತಿತ್ತು. ಅದರ ಕೆಳಗೆ ಮೂರು ಅಕ್ಷರದ್ದು ಏರಿಸಿದರೆ ಕರಿ ಕಾಳು ಜಾಸ್ತಿ ಹೊರಗೆ ಬೀಳ್ತಿತ್ತು. ತಿರುಗಿ ಚೈನೀಸ್ ಮಾಡಿಸ್ರಿ ಸಾವ್ಕಾರ್ರೆ, ನಿಮಗೆ ಪುಣ್ಯ ಬರುತ್ತೆ."

ಮಲ್ಲ್ಯಾ ಫೋನ್ ಇಟ್ಟ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.

"ಅದು ಕಲಿತ ಹಾಗಲ್ಲ," ಅಂದ ಶರಣ್ಯಾ. "ಉಚ್ಚಾರ ಗೊತ್ತಿಲ್ಲ. ಚೈನೀಸ್‌ನಲ್ಲಿ ನಾಲ್ಕು ಟೋನ್ ಇರುತ್ತೆ. ರಾಗ ತಪ್ಪಿದರೆ ಅರ್ಥಾನೇ ತಪ್ಪುತ್ತೆ."

"ಅವನೇನು ಮಷೀನಿನ ಜೊತೆ ಹರಟೆ ಹೊಡೀಬೇಕಿತ್ತಾ?" ಅಂದರು ಮಾಸ್ತರು. "ಭೀಮ್ಯಾಂದು ನಗದು ವ್ಯಾಪಾರ. ಬೇಕಾದಷ್ಟು ತಂದ, ಅವತ್ತೇ ಉಂಡ. ಬಾಕಿ ಎಲ್ಲಿಂದ ಬರಬೇಕು?"

ಶರಣ್ಯಾ ಸೋಲುವವನಲ್ಲ. "ಆಯ್ತು. ಆದರೆ ಮಲ್ಲಣ್ಣ ಇಳಿಸಿಕೊಂಡ ಕಟ್ಟೇ ತಪ್ಪಿದ್ದು. ಅದು ತೈವಾನಿನ ಹಳೇ ಅಕ್ಷರದ್ದು. ಚೀನಾದಲ್ಲಿ 1956ರಲ್ಲೇ ಸರ್ಕಾರ ಗೆರೆ ಕಡಿಮೆ ಮಾಡಿ ಸರಳ ಅಕ್ಷರ ತಂದಿತ್ತು. ಮಷೀನಿನಲ್ಲಿ ಇದ್ದದ್ದು ಸರಳದ್ದು. ಇವನು ಅಷ್ಟೂ ಕಾರ್ಡು ಕಲಿತಿದ್ದರೂ ಎಷ್ಟೋ ಅಕ್ಷರ ಗುರುತೇ ಸಿಗ್ತಿರಲಿಲ್ಲ."

"ಅಯ್ಯೋ, ಬಾಕಿಯಲ್ಲೂ ಬೇರೆಯವನ ಬಾಕಿ," ಅಂದರು ಮಾಸ್ತರು.

ಖಾಜಾ ಭಾಯ್ ನಗಲಿಲ್ಲ. "1956 ಅಂದೆಯಾ? ನಮ್ಮ ಕಲಬುರಗಿ ಹೈದರಾಬಾದ್ ರಾಜ್ಯ ಬಿಟ್ಟು ಈ ಕಡೆ ಸೇರಿದ್ದೂ ಅದೇ ವರ್ಷ. ಅವರಲ್ಲಿ ಗೆರೆ ಹೋಯ್ತು. ನಮ್ಮಲ್ಲಿ ಕಚೇರಿಯ ಅಕ್ಷರವೇ ಹೋಯ್ತು." ಅವರು ಮಲ್ಲ್ಯಾನ ಕಡೆ ನೋಡಿದರು. "ನಿಮ್ಮ ಮುತ್ಯಾ ಚಲೋ ಉರ್ದು ಬರೀತಿದ್ದರು, ಗೊತ್ತೇನು? ನಿಜಾಮರ ಕಾಲದ ಶಾಲೆ. ಮನೇಲಿ ಕನ್ನಡ, ಕಚೇರಿಯಲ್ಲಿ ಉರ್ದು, ಗಂಜಿನಲ್ಲಿ ಮರಾಠಿ, ತೆಲುಗು. ನಮ್ಮ ಅಬ್ಬಾ ಅರ್ಜಿ ಬರೆದರೆ ಅದರ ತಪ್ಪು ತಿದ್ದುತ್ತಿದ್ದವರು ನಿಮ್ಮ ಮುತ್ಯಾ."

"ಖರೇನಾ?" ಮಲ್ಲ್ಯಾ ಬಶಿ ಕೆಳಗಿಟ್ಟ. "ಮನೆಯ ಟ್ರಂಕಿನಲ್ಲಿ ಹೊಲದ ಹಳೇ ಕಾಗದ ಇವೆ ಭಾಯ್. ಎಲ್ಲಾ ಉರ್ದು. ಅಂಚಿಗೆ ಮುತ್ಯಾ ಏನೇನೋ ಬರೆದಿದ್ದಾರೆ. ನಮ್ಮಪ್ಪನಿಗೂ ಓದೋಕೆ ಬರ್ತಿರಲಿಲ್ಲ."

"ನನ್ನ ಮಗನಿಗೂ ಬರಲ್ಲ," ಅಂದರು ಖಾಜಾ ಭಾಯ್. "ಉರ್ದು ಶಾಯರಿ ಕಳಿಸ್ತಾನೆ ಫೋನಿಗೆ. ಎಬಿಸಿಡಿಯಲ್ಲಿ ಬರೆದು ಕಳಿಸ್ತಾನೆ. ನಾನು ಬಾಯಿಬಿಟ್ಟು ಓದಿದರೆ ಇದೇ ಅಲ್ವಾ ಅಬ್ಬಾ ಅಂತಾನೆ. ಇದೇ ಅಂತೀನಿ."

ಯಾರೂ ಏನೂ ಅನ್ನಲಿಲ್ಲ. ಮಾಸ್ತರೂ.

ಮಲ್ಲ್ಯಾ ಮೆಲ್ಲಗೆ ಫೋನ್ ಎತ್ತಿಕೊಂಡ. "ಶರಣ್ಯಾ, ಉರ್ದುಗೆ ಯಾವ ಡಿಕ್ಷನರಿ ಚಲೋ ಇದೆಯೋ?"

"ನಾಲ್ಕೈದು ಇವೆ ಅಣ್ಣಾ. ಕಾರ್ಡಿನ ಕಟ್ಟೂ ಸಿಗುತ್ತೆ. ಹೋಲಿಸಿ ನೋಡೋಣ, ಆದರೆ ಮೊದಲು ಫಾಂಟ್..."

"ಹಾಳಾಗಿ ಹೋಗ್ಲಿ ಫಾಂಟು!" ಖಾಜಾ ಭಾಯ್ ಎದ್ದೇ ನಿಂತರು. "ಸಂಜೆ ಕಾಗದ ತಗೊಂಡು ಮನೆಗೆ ಬಾ. ಓದಿ ಹೇಳ್ತೀನಿ. ಅಲಿಫ್ ಬೇ ಕೂಡ ಅಲ್ಲೇ ಶುರು ಮಾಡಿಸ್ತೀನಿ. ಫೋನ್ ಮಾತ್ರ ಮಿಲ್ಲಿನಲ್ಲೇ ಬಿಟ್ಟು ಬಾ."

"ಫೋನ್ ಬಿಟ್ಟು ಬಂದರೆ ಅಲಿಫ್ ಬೇ ಫೋಟೋ ಹೇಗೆ ತೆಗೀಲಿ ಭಾಯ್?" ಅಂದ ಮಲ್ಲ್ಯಾ.