ಹಿಂದಿನ ಬಲಗಡೆ ಜಾಕ್ ಎರಡು ಸೆಕೆಂಡ್ ಓಡಿ ನಿಲ್ಲುತ್ತಿದೆ, ದಯವಿಟ್ಟು ಸಹಾಯ ಮಾಡಿ

ಬಿಳಿಬಸ್ಸು:
ನಾಲ್ಕು ದಿನದಿಂದ ತಲೆ ಕೆಟ್ಟುಹೋಗಿದೆ. ನಮ್ಮ ಮೋಟಾರ್‌ಹೋಮಿನ (ಮನೆಯಂಥ ಗಾಡಿ) ಎಲೆಕ್ಟ್ರಿಕ್ ಲೆವೆಲಿಂಗ್, ಅಂದರೆ ನಿಂತ ಗಾಡಿಯನ್ನು ನಾಲ್ಕು ಜಾಕ್ ಇಳಿಸಿ ಮಟ್ಟ ಮಾಡುವ ವ್ಯವಸ್ಥೆ, ಕೈಕೊಟ್ಟಿದೆ. ಬಟನ್ ಒತ್ತಿದರೆ ಮುಂದಿನ ಎರಡೂ ಜಾಕ್ ಇಳಿಯುತ್ತವೆ, ಹಿಂದೆ ಎಡಗಡೆಯದೂ ಇಳಿಯುತ್ತದೆ. ಬಲಗಡೆಯದು ಎರಡು ಸೆಕೆಂಡ್ ಗುರ್ ಅಂದು ನಿಂತುಬಿಡುತ್ತದೆ. ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತದೆ. ಜಾಕ್ ಕಂಪನಿಗೆ ಫೋನ್ ಮಾಡಿದೆ. ಜಾಕ್ ನಡೆಸುವ ಈ ಕಂಟ್ರೋಲ್ ಬೋರ್ಡ್ ಈಗ ಬರುವುದಿಲ್ಲ, ಇಡೀ ಸಿಸ್ಟಮ್ ಬದಲಾಯಿಸಿ ಅಂದರು. ನಾವು ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರ ಲಾ ಪೋಸಾ ಅನ್ನುವ ಚಳಿಗಾಲದ ಕ್ಯಾಂಪ್ ಜಾಗದಲ್ಲಿ ನಿಂತಿದ್ದೇವೆ. ಏಪ್ರಿಲ್ 15ಕ್ಕೆ ಸೀಸನ್ ಮುಗಿಯುತ್ತದೆ, ಅಲ್ಲಿವರೆಗೂ ಇಲ್ಲೇ ಇರುವ ಲೆಕ್ಕ. ಕಾವಲಿ ಮೇಲೆ ಎಣ್ಣೆ ಹಾಕಿದರೆ ಅಷ್ಟೂ ಒಂದೇ ಮೂಲೆಗೆ ಓಡುತ್ತದೆ. ದೋಸೆ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿ. ದಾರಿ ಹೇಳಿ.

ತಂತಿಮಾವ:
ಯಾವ ವರ್ಷದ ಗಾಡಿ? ಇಂಜಿನ್ ಆನ್ ಇಟ್ಟು ಒತ್ತಿದಿರಾ? ನನ್ನ ಪ್ರಕಾರ ಇದು ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ) ಸಮಸ್ಯೆ. ಹತ್ತರಲ್ಲಿ ಒಂಬತ್ತು ಸಲ ಅರ್ತೇ. ಬ್ಯಾಟರಿ ನೆಗೆಟಿವ್‌ನಿಂದ ಚಾಸಿಗೆ (ಗಾಡಿಯ ತಳದ ಚೌಕಟ್ಟು) ಹೋಗುವ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿ ಮಾಡಿ.

ಸೂರ್ಯ400:
ಬ್ಯಾಟರಿ ಹಳೆಯದಾಗಿದ್ದರೆ ಹೀಗೇ ಆಗುತ್ತದೆ. ನಾನು ಹೋದ ವರ್ಷ ಲಿಥಿಯಂ 400 ಆಂಪಿಯರ್ ಅವರ್ ಹಾಕಿದೆ, ಮೇಲೆ 800 ವಾಟ್ ಸೋಲಾರ್. ನಾಲ್ಕೂ ಜಾಕ್ ಒಟ್ಟಿಗೆ ಎಳೆದರೂ ವೋಲ್ಟೇಜ್ ಅಲ್ಲಾಡುವುದಿಲ್ಲ.

ಬಿಳಿಬಸ್ಸು:
2013ರ ಗಾಡಿ, ಫೋರ್ಡ್ ಇ-450 ಚಾಸಿ. ಇಂಜಿನ್ ಆನ್ ಇಟ್ಟೇ ಒತ್ತಿದ್ದು. ಅರ್ತ್ ಬೋಲ್ಟ್ ಉಜ್ಜಿದೆ, ತುಕ್ಕು ಇತ್ತು ನಿಜ. ಆದರೆ ಜಾಕ್ ಹಾಗೇ ಇದೆ.

ಫೀನಿಕ್ಸ್‌ಗೌಡ:
ಬ್ಯಾಟರಿ ಅಥವಾ ಮೇನ್ ಅರ್ತ್ ಕೆಟ್ಟಿದ್ದರೆ ನಾಲ್ಕೂ ಜಾಕ್ ಸೊರಗಬೇಕಿತ್ತು. ಇಲ್ಲಿ ಒಂದೇ ಜಾಕ್ ನಿಲ್ಲುತ್ತಿದೆ, ಅಲ್ವಾ?

ತಂತಿಮಾವ:
ಆ ಜಾಕಿನ ಅರ್ತ್ ಬೇರೆ ಇರಬಹುದಲ್ಲ ಗೌಡ್ರೇ. ಜಾಕ್ ಕೂತಿರುವ ಬ್ರಾಕೆಟ್ ಉಜ್ಜಿ ನೋಡಲಿ.

ಫೀನಿಕ್ಸ್‌ಗೌಡ:
ಇಂಥ ಜಾಕಿನಲ್ಲಿ ಮೋಟಾರಿಗೆ ಎರಡೇ ದಪ್ಪ ತಂತಿ. ಎರಡೂ ಬೋರ್ಡ್ ಇರುವ ಕಂಟ್ರೋಲ್ ಬಾಕ್ಸಿಗೇ ಹೋಗುತ್ತವೆ. ಇಳಿಸುವಾಗ ಒಂದು ಪ್ಲಸ್, ಏರಿಸುವಾಗ ಅದೇ ಮೈನಸ್. ಬ್ರಾಕೆಟ್ ಮೂಲಕ ಕರೆಂಟೇ ಹರಿಯುವುದಿಲ್ಲ. ಉಜ್ಜಿ ಏನು ಬಂತು?

ತಂತಿಮಾವ:
ಬಾಕ್ಸಿಗೂ ಅರ್ತ್ ಬೇಕಲ್ಲ! ಜಾಕ್ ಓಡುವ ಎರಡು ಸೆಕೆಂಡಿನಲ್ಲೇ ಬ್ಯಾಟರಿ ನೆಗೆಟಿವ್‌ನಿಂದ ಬಾಕ್ಸಿನ ನೆಗೆಟಿವ್‌ಗೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಾನು ಹೇಳಿದ್ದೇ ಸರಿ.

ಹಲಗೆಪ್ರಿಯ:
ಅಷ್ಟರ ತನಕ ಚಕ್ರದ ಕೆಳಗೆ ಮರದ ಹಲಗೆ ಕೊಟ್ಟು ಮಟ್ಟ ಮಾಡಿಕೊಳ್ಳಿ. ಫ್ರಿಜ್ ಗ್ಯಾಸಿನ ಮೇಲೆ ಓಡುವಂಥದ್ದಾದರೆ ವಾಲಿಸಿ ಓಡಿಸಲೇಬೇಡಿ. ಅದರೊಳಗಿನ ಅಮೋನಿಯಾ ದ್ರವ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ವಾಲಿದರೆ ಅಲ್ಲಲ್ಲೇ ನಿಲ್ಲುತ್ತದೆ, ಬಾಯ್ಲರ್ ಸುಟ್ಟುಹೋಗುತ್ತದೆ.

ಸೂರ್ಯ400:
ಮರ ಸೀಳುತ್ತದೆ. ಒಂದಕ್ಕೊಂದು ಕೂರುವ ಪ್ಲಾಸ್ಟಿಕ್ ಬ್ಲಾಕ್ ತಗೊಳ್ಳಿ.

ಹಲಗೆಪ್ರಿಯ:
ಚೂಪು ಕಲ್ಲಿನ ನೆಲದ ಮೇಲೆ ಪ್ಲಾಸ್ಟಿಕ್ ಒಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ನನ್ನ ಹಲಗೆಗಳಿಗೆ ಒಂಬತ್ತು ವರ್ಷ.

ಬಿಳಿಬಸ್ಸು:
ಹಲಗೆ ಕೊಟ್ಟೆ, ಫ್ರಿಜ್ ಬಗ್ಗೆ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನದು ಗ್ಯಾಸಿನದೇ. ಮೀಟರ್ ಹಿಡಿದೆ, 0.2 ವೋಲ್ಟ್ ಅಷ್ಟೇ. ಬ್ಯಾಟರಿಯೂ 13ಕ್ಕಿಂತ ಕೆಳಗೆ ಇಳಿಯಲಿಲ್ಲ. ಈಗ?

ತಂತಿಮಾವ:
ಮೀಟರಿನ ಸೂಜಿ ಸರಿಯಾಗಿ ತಾಗಿತ್ತಾ? ಇನ್ನೊಂದು ಸಲ ನೋಡಿ.

ಫೀನಿಕ್ಸ್‌ಗೌಡ:
ಮಾವ, ಅರ್ತ್ ಬಿಟ್ಟುಬಿಡಿ ಈಗ.

ಬಿಳಿಬಸ್ಸು ಅವರೇ, ಬೋರ್ಡ್ ಕೆಟ್ಟಿದೆಯಾ ಜಾಕ್ ಕೆಟ್ಟಿದೆಯಾ ಅಂತ ಮೊದಲು ಗೊತ್ತಾಗಬೇಕು. ಕಂಟ್ರೋಲ್ ಬಾಕ್ಸಿನ ಹತ್ತಿರ ಹಿಂದಿನ ಎರಡು ಜಾಕಿನ ಪ್ಲಗ್ ಅದಲುಬದಲು ಮಾಡಿ. ದಪ್ಪ ತಂತಿಯದೂ ಸಣ್ಣ ತಂತಿಯದೂ ಎರಡೂ. ಆಮೇಲೆ ಆಟೋ (ಬೋರ್ಡ್ ತಾನೇ ಮಟ್ಟ ಮಾಡುವ ಬಟನ್) ಮುಟ್ಟಬೇಡಿ. ಮ್ಯಾನ್ಯುಯಲ್‌ನಲ್ಲಿ ಎಡ ಬಟನ್ ಒತ್ತಿದರೆ ಬಲ ಜಾಕ್ ಓಡಬೇಕು. ಅದು ಆಗಲೂ ಎರಡು ಸೆಕೆಂಡಿಗೇ ನಿಂತರೆ ಬೋರ್ಡ್ ಚೆನ್ನಾಗಿದೆ ಅಂತ ಅರ್ಥ.

ಒಂದು ಮಾತು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ತಲೆ ಒಳಗೆ ಹಾಕಲೇಬೇಡಿ.

ಬಿಳಿಬಸ್ಸು:
ಮಾಡಿದೆ. ಎಡ ಬಟನ್‌ಗೂ ಬಲ ಜಾಕ್ ಎರಡೇ ಸೆಕೆಂಡ್ ಓಡಿತು. ಬಲ ಬಟನ್‌ಗೆ ಎಡ ಜಾಕ್ ಸಲೀಸಾಗಿ ಇಳಿಯಿತು. ಬೋರ್ಡ್ ಬದುಕಿದೆ! ಹೊಸ ಸಿಸ್ಟಮ್ಮಿಗೆ ದುಡ್ಡು ಹೊಂದಿಸುವ ಯೋಚನೆಯಲ್ಲಿದ್ದೆ.

ಫೀನಿಕ್ಸ್‌ಗೌಡ:
ಹಾಗಾದರೆ ಪ್ಲಗ್ ವಾಪಸ್ ಹಾಕಿ. ನನ್ನ ಅನುಮಾನ ಹಾಲ್ ಸೆನ್ಸರ್ ಮೇಲೆ. ಮೋಟಾರ್ ತಿರುಗಿದಾಗ ಒಳಗಿನ ಪುಟ್ಟ ಅಯಸ್ಕಾಂತವೂ ತಿರುಗುತ್ತದೆ. ಸೆನ್ಸರ್ ಅದನ್ನು ನೋಡಿ ಬೋರ್ಡಿಗೆ ಟಿಕ್ ಟಿಕ್ ಅಂತ ಲೆಕ್ಕ ಕಳಿಸುತ್ತದೆ. ಲೆಕ್ಕ ಬರದಿದ್ದರೆ ಜಾಕ್ ಸಿಕ್ಕಿಹಾಕಿಕೊಂಡಿದೆ ಅಂತ ಬೋರ್ಡ್ ಕರೆಂಟ್ ನಿಲ್ಲಿಸುತ್ತದೆ. ಓಡಿ ನಿಲ್ಲುವುದು ಅದಕ್ಕೇ. ಮೋಟಾರ್ ಮೇಲೆ ಒಂದು ರಬ್ಬರ್ ಮುಚ್ಚಳ ಇರುತ್ತದೆ. ತೆಗೆದು, ಒಳಗಿನ ನಟ್ಟಿಗೆ ಸಾಕೆಟ್ ಪಾನಾ ಹಾಕಿ ಕೈಯಲ್ಲಿ ನಿಧಾನ ತಿರುಗಿಸಿ. ಕೀ ಆನ್ ಇರಲಿ, ಇಂಜಿನ್ ಬೇಡ. ಬಾಕ್ಸಿನ ಹತ್ತಿರ ಸಿಗ್ನಲ್ ತಂತಿಗೆ ಮೀಟರ್ ಹಿಡಿದರೆ ವೋಲ್ಟೇಜ್ ಸೊನ್ನೆಗೂ 5ಕ್ಕೂ ಹಾರುತ್ತಿರಬೇಕು. ನನ್ನದರಲ್ಲಿ 5, ನಿಮ್ಮದರಲ್ಲಿ ಎಷ್ಟು ಅಂತ ಎಡ ಜಾಕಿನಲ್ಲಿ ನೋಡಿಕೊಳ್ಳಿ.

ಬಿಳಿಬಸ್ಸು:
ಎಡಗಡೆ ಹಾರುತ್ತದೆ. ಬಲಗಡೆ 5ರಲ್ಲೇ ಅಂಟಿಕೊಂಡಿದೆ. ಹೋದ ತಿಂಗಳು ಬ್ಲೈತ್ ಹತ್ತಿರ 10ನೇ ಹೆದ್ದಾರಿಯಲ್ಲಿ ಬಲಗಡೆ ಹಿಂದಿನ ಟೈರ್ ಸಿಡಿದಾಗ ತಂತಿಗೇನಾದರೂ ಏಟು ಬಿದ್ದಿರಬಹುದಾ?

ತಂತಿಮಾವ:
ಟೈರ್ ಸಿಡಿದಿತ್ತಾ! ಮೊದಲೇ ಹೇಳಬಾರದಿತ್ತಾ ಸ್ವಾಮಿ?

ಬಿಳಿಬಸ್ಸು:
ಟೈರಿಗೂ ಲೆವೆಲಿಂಗಿಗೂ ಏನು ಸಂಬಂಧ ಅಂದುಕೊಂಡಿದ್ದೆ.

ಫೀನಿಕ್ಸ್‌ಗೌಡ:
ಸಿಡಿದ ಟೈರಿನ ಪಟ್ಟಿ ಚಾವಟಿ ಥರ ಬೀಸುತ್ತದೆ. ಚಕ್ರದ ಮೇಲಿನ ಗೂಡಲ್ಲಿ ತಂತಿ ಹಾದುಹೋಗುವ ಜಾಗ ನೋಡಿ.

ಬಿಳಿಬಸ್ಸು:
ಸಿಕ್ಕಿತು! ಕಪ್ಪು ಕೊಳವೆ ಒಂದು ಗೇಣಿನಷ್ಟು ಹರಿದಿದೆ. ಒಳಗಿನ ಎರಡು ದಪ್ಪ ತಂತಿಗೆ ಏನೂ ಆಗಿಲ್ಲ. ಸೆನ್ಸರಿನ ಮೂರು ಸಣ್ಣ ತಂತಿಯಲ್ಲಿ ಬಿಳಿಯದು ತುಂಡಾಗಿ, ತುದಿಯ ತಾಮ್ರ ಹಸಿರಾಗಿದೆ. ಹಸಿರು ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದೆ. ಮೇಲೆ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕವಚ) ಏರಿಸಿ, ಹೊಸ ಕೊಳವೆಗೆ ತೂರಿಸಿ ಚಾಸಿಗೆ ಬಿಗಿಯಾಗಿ ಕಟ್ಟಿದೆ. ಜಾಕ್ ನೆಲ ಮುಟ್ಟುವ ತನಕ ಒಂದೇ ಉಸಿರಿಗೆ ಇಳಿಯಿತು. ಗೌಡ್ರೇ, ನಿಮ್ಮ ಋಣ ಮರೆಯುವುದಿಲ್ಲ. ಮಾವ, ನೀವು ಹೇಳಿ ಉಜ್ಜಿಸಿದ ಬೋಲ್ಟ್‌ನಿಂದಲೂ ಒಳ್ಳೆಯದೇ ಆಯಿತು.

ಇನ್ನೊಂದು ಉಳಿದಿದೆ. ಆಟೋ ಒತ್ತಿದರೆ ಹಸಿರು ದೀಪ ಬರುತ್ತದೆ, ಆದರೆ ಕಾವಲಿ ಎಣ್ಣೆ ಇನ್ನೂ ಸ್ವಲ್ಪ ಎಡಕ್ಕೇ ಸರಿಯುತ್ತದೆ.

ಫೀನಿಕ್ಸ್‌ಗೌಡ:
ಬೋರ್ಡಿಗೆ ಮಟ್ಟ ಅಂದರೆ ಯಾವುದು ಅಂತ ಮತ್ತೆ ಕಲಿಸಬೇಕು. ಫ್ರಿಜ್ ಒಳಗಿನ ತಳದ ಮೇಲೆ ರಸಮಟ್ಟ ಇಡಿ, ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ. ಮ್ಯಾನ್ಯುಯಲ್‌ನಲ್ಲಿ ಗುಳ್ಳೆ ನಡುವೆ ತಂದು, ಆ ನಿಲುವನ್ನು ಬೋರ್ಡಿನಲ್ಲಿ ಉಳಿಸಿ. ಯಾವ ಬಟನ್ ಎಷ್ಟು ಸಲ ಅನ್ನುವುದು ಒಂದೊಂದು ಪ್ಯಾನೆಲ್ಲಿಗೆ ಒಂದೊಂದು ಥರ. ಪ್ಯಾನೆಲ್ ಫೋಟೋ ಹಾಕಿ, ಹೇಳುತ್ತೇನೆ.

ಹೊಸಬ್ಬ:
ನನ್ನದು ಹೈಡ್ರಾಲಿಕ್ ಜಾಕ್, ರಾತ್ರಿಯೆಲ್ಲ ನಿಧಾನ ಇಳಿದುಬಿಡುತ್ತದೆ. ಇದೂ ಸೆನ್ಸರ್ ಸಮಸ್ಯೆನಾ?

ತಂತಿಮಾವ:
ಯಾವ ವರ್ಷದ್ದು? ಅರ್ತ್ ನೋಡಿದಿರಾ?