ಕುಳ್ಳ ಗಡ್ಡದ ಐರಿಸ್: ಬಿಸಿಲಿನ ಒಣ ಮಡಿಯಲ್ಲಿ ಎಲೆ ಹಳದಿ, ಹೂವೂ ಇಲ್ಲ

ಬಿಸಿಲುಕುದುರೆ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಕುಳ್ಳ ಜಾತಿಯ ಗಡ್ಡದ ಐರಿಸ್ (ಹೂವಿನ ಕೆಳಗಿನ ಎಸಳಿನ ಮೇಲೆ ಗಡ್ಡದ ಹಾಗೆ ಕೂದಲಿರುವ ಜಾತಿ) ಹಾಕಿದ್ದೆ, ಒಟ್ಟು ಹನ್ನೆರಡು ಗುಂಪು. ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು ಬೀಳುವ ಮಡಿ, ಮೇಲೆ ತೆಳುವಾಗಿ ಜಲ್ಲಿ. ಮೊದಲ ವಸಂತದಲ್ಲಿ ಬರೀ ಎಲೆ, ಎರಡನೆಯದರಲ್ಲಿ ಕಣ್ಣು ತುಂಬುವಷ್ಟು ಹೂ. ಈ ಸಲ ಮೂರೇ ಗುಂಪು ಹೂ ಬಿಟ್ಟವು. ಉಳಿದವುಗಳ ಎಲೆ ಹಳದಿಯಾಗಿದೆ, ಕೆಲವು ಪಕ್ಕಕ್ಕೆ ವಾಲಿಕೊಂಡಿವೆ.

ಬಿಸಿಲಿಗೆ ಒಣಗುತ್ತಿವೆ ಅಂದುಕೊಂಡು ಹೋದ ಬೇಸಿಗೆಯಲ್ಲೇ ಡ್ರಿಪ್ ಹಾಕಿದೆ. ವಾರಕ್ಕೆ ಮೂರು ಸಲ, ಅರ್ಧರ್ಧ ಗಂಟೆ. ಚಳಿಗೆ ಮುಂಚೆ ಜಲ್ಲಿಯ ಮೇಲೇ ಎರಡಿಂಚು ಕಾಂಪೋಸ್ಟ್ ಕೂಡ ಹರಡಿದೆ. ಇಷ್ಟು ಮಾಡಿದರೂ ದಿನಕ್ಕೊಂದು ಎಲೆ ಬೀಳುತ್ತಿದೆ. ನೀರು ಇನ್ನೂ ಜಾಸ್ತಿ ಬೇಕಾ?

ಮಣ್ಣುಹುಳ:

ನೀರು ಸಾಲುತ್ತಿಲ್ಲ ಅನಿಸುತ್ತೆ. ಜಲ್ಲಿ ಕಾದರೆ ಬೇರು ಬೆಂದುಹೋಗುತ್ತದೆ. ನಮ್ಮ ಐರಿಸ್‌ಗೆ ನಾನು ದಿನಾ ನೀರು ಕೊಡುತ್ತೇನೆ, ಬುಡಕ್ಕೆ ಒಣ ಎಲೆ ಮುಚ್ಚಿಡುತ್ತೇನೆ. ಸೊಂಪಾಗಿದೆ.

ಹಳೇ ಗುದ್ದಲಿ:

ದಯವಿಟ್ಟು ದಿನಾ ನೀರು ಕೊಡಬೇಡಿ. ಮಣ್ಣುಹುಳ ಅವರೇ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಬೇರೆ ಜಾತಿ ಇರಬೇಕು.

ನೀರಿಲ್ಲದೆ ಸೊರಗಿದ ಗಡ್ಡದ ಐರಿಸ್ ಎಲೆ ತುದಿಯಿಂದ ಕಂದಾಗುತ್ತದೆ, ಕಾಗದದ ಹಾಗೆ ಗರಿಗರಿ ಆಗುತ್ತದೆ, ಆದರೆ ನೆಟ್ಟಗೇ ನಿಂತಿರುತ್ತದೆ. ಪಕ್ಕಕ್ಕೆ ವಾಲುತ್ತಿದೆ ಅಂದರೆ ತೊಂದರೆ ಬುಡದಲ್ಲಿದೆ.

ಮೂರು ವಿಷಯ ನೋಡಿ ಹೇಳಿ. ವಾಲಿದ ಎಲೆಗುಚ್ಛವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕಿತ್ತು ಬರುತ್ತಾ? ಬುಡದಲ್ಲಿ ನಾತ ಇದೆಯಾ? ಹೂ ಬಿಟ್ಟ ಆ ಮೂರು ಗುಂಪು ಡ್ರಿಪ್ ತೂತಿನಿಂದ ಎಷ್ಟು ದೂರದಲ್ಲಿವೆ? ನನಗೆ ಮೂರನೆಯದರ ಮೇಲೇ ಕಣ್ಣು.

ಬಿಸಿಲುಕುದುರೆ:

ಈಗಷ್ಟೇ ಕೈ ತೊಳೆದು ಬಂದೆ. ಎಳೆದ ತಕ್ಷಣ ಇಡೀ ಗುಚ್ಛ ಕೈಗೆ ಬಂತು, ಒಂಚೂರೂ ಬಿಗಿ ಇರಲಿಲ್ಲ. ಕೆಳಗಿನ ಗೆಡ್ಡೆ ಮೇಲ್ನೋಟಕ್ಕೆ ಚೆನ್ನಾಗೇ ಇತ್ತು, ಸಿಪ್ಪೆ ಕಂದು, ಆಕಾರ ಸರಿ. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಡೆದು ಒಳಗಿನಿಂದ ಟೂತ್‌ಪೇಸ್ಟ್ ಹಾಗೆ ಬಿಳಿ ಲೋಳೆ ಹೊರಗೆ ಬಂತು. ನಾತ ಕೇಳಲೇಬೇಡಿ, ಕಟ್ಟಿಕೊಂಡ ಚರಂಡಿ ತೆರೆದ ಹಾಗೆ. ಸೋಪು ಹಾಕಿ ಮೂರು ಸಲ ತೊಳೆದೆ, ಇನ್ನೂ ಬೆರಳಲ್ಲಿದೆ.

ಡ್ರಿಪ್ ವಿಷಯ ನೀವು ಹೇಳುವ ತನಕ ಹೊಳೆದೇ ಇರಲಿಲ್ಲ. ಆ ಮೂರೂ ಮಡಿಯ ಕೊನೆಯಲ್ಲಿ ಕಲ್ಲಿನ ಅಂಚಿಗಿವೆ. ಪೈಪು ಅಲ್ಲಿಗೆ ಮುಟ್ಟುವುದೇ ಇಲ್ಲ. ಕಾಂಪೋಸ್ಟೂ ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿತ್ತು.

ಹಳೇ ಗುದ್ದಲಿ:

ಹಾಗಾದರೆ ಅನುಮಾನವೇ ಇಲ್ಲ, ಇದು ಮೆತ್ತನೆ ಕೊಳೆ ರೋಗ. ಪೆಕ್ಟೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾದ ಕೆಲಸ. ಹಳೆಯ ಪುಸ್ತಕಗಳಲ್ಲಿ ಎರ್ವಿನಿಯಾ ಅಂತ ಇರುತ್ತದೆ, ಎರಡೂ ಒಂದೇ. ಗೆಡ್ಡೆಗೆ ಎಲ್ಲಾದರೂ ಗಾಯ ಆಗಿದ್ದರೆ ಅಲ್ಲಿಂದ ನುಗ್ಗುತ್ತದೆ. ಸುತ್ತ ತೇವ ಮತ್ತು ಸೆಖೆ ಎರಡೂ ಇದ್ದರೆ ಹಬ್ಬಲು ಜಾಸ್ತಿ ದಿನ ಬೇಕಿಲ್ಲ. ನೀವು ಬೇಸಿಗೆಯಲ್ಲಿ ಡ್ರಿಪ್ ಬಿಟ್ಟು ಎರಡನ್ನೂ ಒದಗಿಸಿದ್ದೀರಿ.

ಈ ಗಿಡದ ಮೂಲ ತಿಳಿದರೆ ಎಲ್ಲ ಅರ್ಥವಾಗುತ್ತದೆ. ಕುಳ್ಳ ಐರಿಸ್‌ಗಳ ಒಂದು ಕಡೆಯ ಹಿರಿಯ ಐರಿಸ್ ಪುಮಿಲಾ. ಪೂರ್ವ ಯುರೋಪಿನಿಂದ ಉರಲ್ ಬೆಟ್ಟಗಳ ತನಕದ ಒಣ ಹುಲ್ಲುಗಾವಲು, ಕಲ್ಲು ಇಳಿಜಾರುಗಳಲ್ಲಿ ಬೆಳೆಯುವ ಗಿಡ. ಅಮೆರಿಕದ ಐರಿಸ್ ತಳಿಗಾರ ಪಾಲ್ ಕುಕ್ ಇದನ್ನು ಎತ್ತರದ ಗಡ್ಡದ ಐರಿಸ್‌ಗೆ ಕೂಡಿಸಿದರು. 1951ರಲ್ಲಿ ಬಂದ ‘ಗ್ರೀನ್ ಸ್ಪಾಟ್’ ಅವರದೇ ತಳಿ. ಇವತ್ತು ನಾವು ಬೆಳೆಸುವ 20ರಿಂದ 40 ಸೆಂ.ಮೀ. ಎತ್ತರದವೆಲ್ಲ ಹೆಚ್ಚುಕಮ್ಮಿ ಆ ವಂಶದವೇ. 20 ಸೆಂ.ಮೀ.ಗಿಂತ ಗಿಡ್ಡವಾದವು ಪುಟಾಣಿ ಗುಂಪು, ಅವು ಇನ್ನೂ ಬೇಗ ಹೂ ಬಿಡುತ್ತವೆ. ವಸಂತದಲ್ಲಿ ಹೂ ಮುಗಿಸಿ, ಬೇಸಿಗೆಯಲ್ಲಿ ಅರೆನಿದ್ದೆ ಮಾಡುವುದು ಇವುಗಳ ಅಭ್ಯಾಸ. ಆಗ ಅವು ನೀರು ಕೇಳುವುದಿಲ್ಲ. ಗೆಡ್ಡೆಯಲ್ಲೇ ಕೂಡಿಟ್ಟುಕೊಂಡಿರುತ್ತವೆ.

ಈಗ ಮಾಡಬೇಕಾದ್ದು. ಡ್ರಿಪ್ ಇವತ್ತೇ ನಿಲ್ಲಿಸಿ. ಚೆನ್ನಾಗಿರುವ ಗುಂಪನ್ನು ಬಿಡಿಸಲು ಹೂ ಮುಗಿದು ಆರೆಂಟು ವಾರ ಕಾಯುತ್ತೇವೆ. ಕೊಳೆತದ್ದಕ್ಕೆ ಆ ಲೆಕ್ಕ ಇಲ್ಲ, ಇವತ್ತೇ ಅಗೆಯಿರಿ. ಮೆತ್ತಗಾದ ಭಾಗವನ್ನು ಹಳೇ ಚಮಚದಲ್ಲಿ ಕೆರೆದು ತೆಗೆಯಿರಿ. ಬಿಳಿ, ಗಟ್ಟಿ ತಿರುಳು ಕಾಣುವ ತನಕ ಕೆರೆಯಬೇಕು. ಇಲ್ಲಿ ಕರುಣೆ ತೋರಿಸಿದರೆ ಕೆಲಸ ಕೆಡುತ್ತದೆ. ಒಂದು ಪಾಲು ಮನೆಯ ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಅದರಲ್ಲಿ ಗೆಡ್ಡೆ ಅದ್ದಿ. ಪ್ರತಿ ಗೆಡ್ಡೆ ಆದ ಮೇಲೆ ಚಾಕುವನ್ನೂ ಅದರಲ್ಲೇ ಅದ್ದಿ, ಇಲ್ಲವಾದರೆ ರೋಗವನ್ನು ನೀವೇ ಹಂಚಿದ ಹಾಗೆ. ಆಮೇಲೆ ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಒಣಗಲು ಬಿಡಿ. ಕೊಯ್ದ ಜಾಗ ತೊಗಟೆ ಕಟ್ಟಿದ ಹಾಗೆ ಗಟ್ಟಿಯಾಗಬೇಕು. ಅಷ್ಟು ದಿನ ಮಣ್ಣಿಲ್ಲದೆ ಇದ್ದರೆ ಸಾಯುತ್ತೇನೋ ಅಂತ ಹೆದರಬೇಡಿ, ವಾರಗಟ್ಟಲೆ ಹಾಗೇ ಬಿದ್ದಿದ್ದ ಗೆಡ್ಡೆಯನ್ನೂ ನಾನು ನೆಟ್ಟಿದ್ದೇನೆ.

ಅಗೆಯುವಾಗ ಬುಡದಲ್ಲಿ ಬಿಳಿ ನೂಲಿನಂಥದ್ದು, ಅದರ ಜೊತೆ ಸಾಸಿವೆ ಕಾಳಿನಷ್ಟು ಕಂದು ಗುಂಡುಗಳು ಕಂಡರೆ ಹೇಳಿ. ಅದು ಶಿಲೀಂಧ್ರ, ಕಥೆಯೇ ಬೇರೆ. ಮೇಲ್ಮಣ್ಣು ಸಮೇತ ತೆಗೆದು ಹಾಕಬೇಕಾಗುತ್ತದೆ.

ಮತ್ತೆ ನೆಡುವಾಗ ಗೆಡ್ಡೆಯನ್ನು ಹೂಳಬೇಡಿ. ಕೆರೆಯಲ್ಲಿ ಮಲಗಿದ ಎಮ್ಮೆ ನೋಡಿದ್ದೀರಲ್ವಾ, ಬೆನ್ನು ಮಾತ್ರ ಮೇಲೆ ಇರುತ್ತದೆ. ಹಾಗೆ ಕೂರಿಸಿ. ಬೇರು ಮಣ್ಣೊಳಗೆ, ಬೆನ್ನಿಗೆ ಬಿಸಿಲು. ನಿಮ್ಮ ಕಾಂಪೋಸ್ಟ್ ಆ ಬೆನ್ನಿನ ಮೇಲೆ ಕಂಬಳಿ ಹೊದಿಸಿತ್ತು. ಹೂ ಕಡಿಮೆಯಾಗಿದ್ದಕ್ಕೆ ಅದೂ ಒಂದು ಕಾರಣ. ಸಾರಜನಕ ಜಾಸ್ತಿಯಾದರೆ ಗೆಡ್ಡೆ ನೀರುನೀರಾಗಿ ಉಬ್ಬುತ್ತದೆ, ಎಲೆ ಬರುತ್ತದೆ, ಹೂ ಬರುವುದಿಲ್ಲ. ಗೊಬ್ಬರ ಕೊಡಲೇಬೇಕು ಅನಿಸಿದರೆ 5-10-10 ಥರದ್ದನ್ನು (ಮೊದಲ ಅಂಕಿ ಸಾರಜನಕ, ಅದು ಕಡಿಮೆ ಇರಬೇಕು) ವಸಂತದ ಶುರುವಿಗೆ ಒಂದು ಚಿಟಿಕೆ, ಗೆಡ್ಡೆಗೆ ತಾಗದ ಹಾಗೆ ಸುತ್ತ ಹಾಕಿ. ಸಾಕು.

ಮಣ್ಣುಹುಳ:

ಹೌದು, ತಪ್ಪು ನನ್ನದೇ. ನಮ್ಮದು ಜಪಾನಿ ಐರಿಸ್, ಗಡ್ಡ ಇಲ್ಲದ್ದು. ಅದು ನೀರಿನ ಅಂಚಲ್ಲೇ ಖುಷಿಯಾಗಿರುತ್ತೆ. ಹೆಸರು ಒಂದೇ ಅಂತ ಎಲ್ಲಕ್ಕೂ ಒಂದೇ ಅಂದುಕೊಂಡೆ. ಬಿಸಿಲುಕುದುರೆ ಅವರೇ, ಕ್ಷಮಿಸಿ.

ಬಿಸಿಲುಕುದುರೆ:

ಅಯ್ಯೋ ಬಿಡಿ, ಡ್ರಿಪ್ ಹಾಕಿದ್ದು ನಾನೇ ಅಲ್ವಾ.

ಅಗೆದಾಯಿತು. ನೂಲು, ಗುಂಡು ಯಾವುದೂ ಕಾಣಲಿಲ್ಲ. ಆದರೆ ಒಂದು ವಿಚಿತ್ರ. ಜಲ್ಲಿ ಕೆಳಗೆ ಆರಿಂಚು ಒಳ್ಳೆ ಸಡಿಲ ಮಣ್ಣು, ಅದರ ಕೆಳಗೆ ಗುದ್ದಲಿಗೆ ಅಂಟುವ ಜೇಡಿಮಣ್ಣು. ಹೊರಗೆ ದೂಳು ಹಾರುತ್ತಿದೆ, ಒಳಗೆ ಕೆಸರು!

ಹಳೇ ಗುದ್ದಲಿ:

ಅದು ವಿಚಿತ್ರ ಅಲ್ಲ, ಅದೇ ಎರಡನೇ ಕಾರಣ. ಜೇಡಿಯೊಳಗೆ ಸಡಿಲ ಮಣ್ಣು ತುಂಬಿದ ಗುಂಡಿ ಅಂದರೆ ತೂತಿಲ್ಲದ ಬಟ್ಟಲು. ಸುತ್ತಲಿನ ನೀರೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಒಂದಡಿ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿ, ಖಾಲಿಯಾಗಲು ಎಷ್ಟು ಹೊತ್ತು ಬೇಕು ನೋಡಿ. ನಾಲ್ಕೈದು ಗಂಟೆಯಲ್ಲಿ ಇಂಗಿದರೆ ಚಿಂತೆ ಇಲ್ಲ. ರಾತ್ರಿಯಿಡೀ ನಿಂತರೆ ಆ ಜಾಗದಲ್ಲಿ ಗುಂಡಿ ತೋಡಿ ನೆಡಬೇಡಿ, 15 ಸೆಂ.ಮೀ. ಏರಿಸಿ ಮಡಿ ಮಾಡಿ. ದಪ್ಪ ಮರಳು, ಸಣ್ಣ ಜಲ್ಲಿ ಧಾರಾಳವಾಗಿ ಬೆರೆಸಿ.

ತೋಟದ ಹೊಸಬ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಬಿಸಿಲಿದೆ, ಮಣ್ಣೂ ಬೇಗ ಒಣಗುತ್ತದೆ. ಎರಡು ವರ್ಷದಿಂದ ಎಲೆ ಹಸಿರಾಗಿದೆ, ಗೆಡ್ಡೆ ಗಟ್ಟಿ, ಆದರೆ ಒಂದು ಮೊಗ್ಗೂ ಇಲ್ಲ. ಚಳಿ ಅಂದರೆ ಒಂದು ಶಾಲು ಸಾಕು ಅನ್ನುವಷ್ಟು.

ಹಳೇ ಗುದ್ದಲಿ:

ಶಾಲಿನ ಚಳಿ ಸಾಲದು ಮಾರಾಯರೇ. ಕುಳ್ಳ ಜಾತಿಗಳಿಗೆ ನಿಜವಾದ ಚಳಿಗಾಲ ಬೇಕು. ವಾರಗಟ್ಟಲೆ ಕೊರೆದರೇ ಮೊಗ್ಗು. ಇದರಲ್ಲಿ ಎತ್ತರದ ಜಾತಿಗಳೇ ಸ್ವಲ್ಪ ಉದಾರಿಗಳು, ಅವುಗಳಲ್ಲಿ ಕೆಲವು ಬೆಚ್ಚಗಿನ ಕಡೆಯೂ ಹೂ ಬಿಡುತ್ತವೆ. ನಿಮ್ಮ ಆರೈಕೆಯಲ್ಲಿ ಏನೂ ತಪ್ಪಿಲ್ಲ. ಗಿಡ ಬದಲಿಸಿ.

ಬಿಸಿಲುಕುದುರೆ (ಹನ್ನೊಂದು ತಿಂಗಳ ನಂತರ):

ಈ ಚರ್ಚೆ ಅರ್ಧಕ್ಕೆ ನಿಲ್ಲಿಸಬಾರದು ಅಂತ ಬರೆಯುತ್ತಿದ್ದೇನೆ. ಅವತ್ತು ಗುಂಡಿಗೆ ತುಂಬಿದ ನೀರು ಮರುದಿನ ಮಧ್ಯಾಹ್ನವೂ ತಳದಲ್ಲಿ ಹೊಳೆಯುತ್ತಿತ್ತು. ಹಾಗಾಗಿ ಮಡಿ ಏರಿಸಿದೆ. ಕೆರೆದು ಒಣಗಿಸಿದ ಮೇಲೆ ಒಟ್ಟು 31 ತುಂಡು ಸಿಕ್ಕವು. ಒಂದು ಗೇಣು ಅಂತರ ಬಿಟ್ಟು ನೆಟ್ಟೆ. ಬೇರು ಹಿಡಿಯುವ ತನಕ ಎರಡು ವಾರ ಅಷ್ಟೇ ನೀರು, ಆಮೇಲೆ ಆಕಾಶ ಕೊಟ್ಟಷ್ಟು.

24 ಉಳಿದಿವೆ. ಸತ್ತ ಏಳರಲ್ಲಿ ಐದನ್ನು ನಾನು ಸರಿಯಾಗಿ ಕೆರೆದಿರಲಿಲ್ಲ. ತುಂಬಾ ಸಣ್ಣದಾಗುತ್ತೆ ಅಂತ ಬಿಟ್ಟಿದ್ದೆ. ಈ ವಾರ ಒಂಬತ್ತರಲ್ಲಿ ಹೂ ಬಂದಿದೆ. ಒಂದು ಅನುಮಾನ ಉಳಿದಿದೆ. ಹೂ ಬಿಟ್ಟ ಗೆಡ್ಡೆ ಮುಂದಿನ ವರ್ಷ ಮತ್ತೆ ಬಿಡುತ್ತಾ?

ಹಳೇ ಗುದ್ದಲಿ:

ಇಲ್ಲ. ಒಂದು ಗೆಡ್ಡೆ ಒಂದೇ ಸಲ. ಅದರ ಪಕ್ಕದಲ್ಲಿ ಹುಟ್ಟುವ ಮರಿಗಳು ಬಿಡುತ್ತವೆ. ಹೂ ಒಣಗಿದ ಮೇಲೆ ಹೂಕಡ್ಡಿಯನ್ನು ಮಾತ್ರ ಬುಡಕ್ಕೆ ಕತ್ತರಿಸಿ. ಹಸಿರು ಎಲೆ ಮುಟ್ಟಬೇಡಿ, ಮರಿಗಳಿಗೆ ಊಟ ಅಲ್ಲಿಂದಲೇ. ಮೂರು ವರ್ಷಕ್ಕೆ ಮಡಿ ಒತ್ತಾಗುತ್ತದೆ, ಆಗ ಮತ್ತೆ ಬಿಡಿಸಿ.

ಬಿಸಿಲುಕುದುರೆ:

ಸರಿ. ಡ್ರಿಪ್ ಪೈಪು ಬದನೆ ಮಡಿಗೆ ಹೋಯಿತು. ‘ಪರಿಹಾರವಾಗಿದೆ’ ಅಂತ ಗುರುತು ಹಾಕುತ್ತಿದ್ದೇನೆ.